ಅಕ್ಷರಜೋಡಣೆಯ ಆದೇಶಭಾಷೆ: ಒಂದು ವಿಮರ್ಶೆ

ಮುಧೋಳವು ಕವಿ ರನ್ನನ ಜನ್ಮಸ್ಥಳ. ಅವನು ‘ಅಜಿತಪುರಾಣ’ವನ್ನು ಕ್ರಿ. ಶ. ೯೯೩ರಲ್ಲಿ ಪೂರೈಸಿದನು. ಅವನ ಕಾಲದ ಕನ್ನಡದಲ್ಲಿ ‘ಬಾಳ್’ ಎಂದರೆ ಖಡ್ಗ. ‘ಬಾೞ್’ ಎಂದರೆ ಜೀವಿಸು. ಒಂದು ಅಕ್ಷರದ ಭೇದದಿಂದ ಅರ್ಥವೇ ಬೇರೆಯಾಗುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಪ್ರಾಚೀನ ಸಾಮಗ್ರಿಯನ್ನು ಅಚ್ಚಿಗೆ ಸಿದ್ಧಪಡಿಸುವ ಸಂಶೋಧಕನು ಇಂತಹ ಭೇದವನ್ನು ಎಲ್ಲಿ ಕಾಪಾಡಬೇಕು? ಪಠ್ಯದಲ್ಲಿಯೋ, ಅಥವಾ ಫಾಂಟಿಗೆ ಕೊಡುವ ಆದೇಶದಲ್ಲಿಯೋ? ಗಣಕಯಂತ್ರದ ಅಕ್ಷರಜೋಡಣೆಯಲ್ಲಿ ಬಳಕೆಯಲ್ಲಿರುವ ಆದೇಶಗಳ ರಚನೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಡೊನಾಲ್ಡ್ ಕ್ನೂತರು ೧೯೭೮ರಲ್ಲಿ ಹೊರತಂದ ‘ಟೆಕ್’ ಎಂಬ ತಂತ್ರಾಂಶವು ಈ ಪರಂಪರೆಯ ಮೂಲ. ಜೋನಥನ್ ಕ್ಯೂ ಅವರು ೨೦೦೪ರಲ್ಲಿ ಪ್ರಕಟಿಸಿದ ‘ಝೀಟೆಕ್’ ಯೂನಿಕೋಡ್ ಪಠ್ಯವನ್ನೂ ಓಪನ್‌ಟೈಪ್ ಫಾಂಟುಗಳನ್ನೂ ನೇರವಾಗಿ ಸ್ವೀಕರಿಸುವುದರಿಂದ ಕನ್ನಡಕ್ಕೆ ವಿಶೇಷ ಪ್ರಯೋಜನವಾಯಿತು. ಓಪನ್‌ಟೈಪ್ ಫಾಂಟಿನ ಪ್ರತಿಯೊಂದು ಗುಣಕ್ಕೂ ನಾಲ್ಕು ಚಿಹ್ನೆಗಳ ಒಂದು ಸಂಕೇತವಿದೆ. ಇವನ್ನು ಕರೆಯಲು ವಿಲ್ ರಾಬರ್ಟ್‌ಸನ್ನರ ‘ಫಾಂಟ್‌ಸ್ಪೆಕ್’ ಎರಡು ಮಾರ್ಗಗಳನ್ನು ಒದಗಿಸಿದೆ. ಗುಣವನ್ನು ಹೆಸರಿನಿಂದ ಹೇಳಿ, ಸಮಚಿಹ್ನೆಯನ್ನಿಟ್ಟು, ಬೇಕಾದ ಬಗೆಯನ್ನು ಸೂಚಿಸುವುದು ಮೊದಲನೆಯದು. ಕೂಡುಚಿಹ್ನೆಯೊಡನೆ ಸಂಕೇತವನ್ನೇ ಬರೆಯುವುದು ಎರಡನೆಯದು. ಓದಿದವನಿಗೆ ಲೇಖಕನ ಅಭಿಪ್ರಾಯವು ತಿಳಿಯುವುದರಿಂದ ಮೊದಲನೆಯ ಮಾರ್ಗವು ನಿಸ್ಸಂದೇಹವಾಗಿ ಶ್ಲಾಘ್ಯವಾದುದು.

ಆದರೆ ಆ ಹೆಸರುಗಳಲ್ಲಿ ಬಹುಭಾಗವು ರೋಮನ್ ಲಿಪಿಯ ಅಗತ್ಯಗಳಿಂದ ಹುಟ್ಟಿದವು. ದೊಡ್ಡಕ್ಷರ, ಸಣ್ಣಕ್ಷರಗಳ ಭೇದವೇ ಇಲ್ಲದ ಕನ್ನಡಕ್ಕೆ ಅವುಗಳಿಂದ ಆಗುವ ಉಪಕಾರ ಅಲ್ಪ. ಕನ್ನಡಕ್ಕೆ ಮುಖ್ಯವಾದುದು ಒತ್ತಕ್ಷರಗಳ ಕೂಡುವಿಕೆ. ಇದು ಅಲಂಕಾರವಲ್ಲ, ಲಿಪಿಯ ಸ್ವಭಾವವೇ ಆಗಿದೆ. ಹೀಗಿದ್ದರೂ ಝೀಟೆಕ್‌ನಲ್ಲಿ ‘ಲಿಪಿ ಕನ್ನಡ’ ಎಂದು ಪ್ರತ್ಯೇಕವಾಗಿ ಘೋಷಿಸದಿದ್ದರೆ ಒತ್ತುಗಳು ಸರಿಯಾಗಿ ಕೂಡುವುದಿಲ್ಲ. ಅನಿವಾರ್ಯವಾದುದನ್ನು ಐಚ್ಛಿಕದ ಸಾಲಿನಲ್ಲಿ ಕೂರಿಸಿದುದು ಈ ರಚನೆಯ ಮೊದಲನೆಯ ದೋಷ.

ಎರಡನೆಯ ಮಾರ್ಗದ ದೋಷವು ಬೇರೆ ಬಗೆಯದು. ಓಪನ್‌ಟೈಪ್‌ನಲ್ಲಿ ‘ಎಸ್‌ಎಸ್೦೧’ರಿಂದ ‘ಎಸ್‌ಎಸ್೨೦’ರವರೆಗೆ ಇಪ್ಪತ್ತು ಶೈಲಿಗಣಗಳಿವೆ. ಇವುಗಳಿಗೆ ನಿಶ್ಚಿತಾರ್ಥವಿಲ್ಲ, ಫಾಂಟನ್ನು ರಚಿಸಿದವನು ಕೊಟ್ಟುದೇ ಅರ್ಥ. ಫಾಂಟು ಬದಲಾದರೆ ಅದೇ ಆದೇಶವು ಬೇರೊಂದು ಕೆಲಸವನ್ನು ಮಾಡಬಹುದು. ನಮ್ಮ ಭಾಗದ ನೇಕಾರರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಜಕಾರ್ಡ್ ಮಗ್ಗದಲ್ಲಿ ಯಾವ ಎಳೆ ಮೇಲೇಳಬೇಕೆಂಬುದನ್ನು ರಟ್ಟಿನ ರಂಧ್ರಗಳು ನಿರ್ಣಯಿಸುತ್ತವೆ. ಆದರೂ ಅಂಚಿನ ಮಾದರಿಯನ್ನು ಯಾರೂ ರಂಧ್ರಗಳನ್ನು ಎಣಿಸಿ ಕರೆಯುವುದಿಲ್ಲ. ಇಳಕಲ್ ಸೀರೆಯ ಅಂಚುಗಳಿಗೆ ಗೋಮಿ, ಪರಾಸಪೇಟ, ಗಾಡಿ ಎಂಬ ಹೆಸರುಗಳೇ ಇವೆ. ಅಂತೆಯೇ ಸಂಪಾದಕನು ‘ಶಾಸನರೂಪ’ ಎಂಬಂತಹ ಸಾರ್ಥಕವಾದ ಆದೇಶವೊಂದನ್ನು ತಾನೇ ನಿರ್ಮಿಸಿಕೊಂಡು, ಫಾಂಟಿನ ಸಂಕೇತವನ್ನು ಒಂದೇ ಕಡೆ ಅದಕ್ಕೆ ಜೋಡಿಸಿಡಬೇಕು. ಫಾಂಟು ಬದಲಾದಾಗ ತಿದ್ದಬೇಕಾದುದು ಆ ಒಂದು ಸಾಲು ಮಾತ್ರ.

ಇನ್ನು ಮೂರನೆಯ ಮತ್ತು ಮುಖ್ಯವಾದ ವಿಷಯ. ‘ಳ’ ಎಂದು ಬರೆದು, ಫಾಂಟಿನ ಗುಣದಿಂದ ‘ೞ’ದ ಆಕಾರವನ್ನು ತೋರಿಸುವುದು ಸಾಧ್ಯ. ಪುಟದಲ್ಲಿ ಕಣ್ಣಿಗೆ ಯಾವ ಕೊರತೆಯೂ ಕಾಣದು. ಆದರೆ ಕಡತದಲ್ಲಿ ಉಳಿಯುವುದು ‘ಳ’ವೇ, ಹುಡುಕುವವನಿಗೆ ಖಡ್ಗವೂ ಜೀವನವೂ ಒಂದೇ ಆಗುತ್ತವೆ. ‘ೞ’ ಮತ್ತು ‘ಱ’ಗಳಿಗೆ ಯೂನಿಕೋಡ್‌ನಲ್ಲಿ ಸ್ವತಂತ್ರ ಸ್ಥಾನಗಳಿರುವುದರಿಂದ ಅವನ್ನು ಪಠ್ಯದಲ್ಲಿಯೇ ಬರೆಯತಕ್ಕದ್ದು.

ಅರ್ಕಾವೊತ್ತಿನ ಪ್ರಶ್ನೆಯು ಇದಕ್ಕಿಂತ ಸೂಕ್ಷ್ಮವಾದುದು. ‘ರ್ಕ’ ಮತ್ತು ‘ರ‍್ಕ’ಗಳ ಉಚ್ಚಾರಣೆ ಒಂದೇ, ಬರವಣಿಗೆ ಮಾತ್ರ ಬೇರೆ. ಎರಡನೆಯ ರೂಪಕ್ಕಾಗಿ ಪಠ್ಯದಲ್ಲಿ ಒಂದು ಅದೃಶ್ಯ ಜೋಡಕಚಿಹ್ನೆಯನ್ನು ಇಡುವ ಕ್ರಮವಿದೆ. ಶಾಸನವನ್ನು ಇದ್ದುದಿದ್ದಂತೆ ಪ್ರಕಟಿಸುವಾಗ ಈ ರೂಪಭೇದವು ಪ್ರಮಾಣವಾಗುವುದರಿಂದ ಆ ಚಿಹ್ನೆಯು ಪಠ್ಯದಲ್ಲಿರಲಿ. ಸಾಮಾನ್ಯ ಓದಿಗಾಗಿ ಸಿದ್ಧಪಡಿಸುವ ಆವೃತ್ತಿಯಲ್ಲಿ ಅದು ಶೈಲಿ ಮಾತ್ರವಾದುದರಿಂದ ಆದೇಶದ ವಶದಲ್ಲಿರುವುದೇ ಲೇಸು.

ಪುಟವು ಚೆನ್ನಾಗಿ ಅಚ್ಚಾದರೆ ಸಾಲದೆ ಎಂದು ಕೇಳುವವರುಂಟು. ಯೂನಿಕೋಡ್‌ಗೆ ಹಿಂದಿನ ಫಾಂಟುಗಳ ಅನುಭವವೇ ಅವರಿಗೆ ಉತ್ತರ. ಅವುಗಳಲ್ಲಿ ಕನ್ನಡದ ಅಕ್ಷರಭಾಗಗಳು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕುಳಿತಿದ್ದವು. ಫಾಂಟನ್ನು ತೆಗೆದೊಡನೆ ಪ್ರಬಂಧವೆಲ್ಲವೂ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಅಂದಿನ ಕಡತಗಳನ್ನು ಪರಿವರ್ತಿಸಿ ತಿದ್ದುವ ಶ್ರಮವು ಇಂದಿಗೂ ಮುಗಿದಿಲ್ಲ. ಪಠ್ಯವನ್ನು ಫಾಂಟಿನ ಅಧೀನಕ್ಕೆ ಒಪ್ಪಿಸಿದುದರ ಫಲವಿದು.

ಹೆಸರಿಡುವುದರಲ್ಲಿಯೂ ಎಚ್ಚರ ಅವಶ್ಯಕ. ಯೂನಿಕೋಡ್‌ನಲ್ಲಿ ‘ೞ’ಕಾರಕ್ಕೆ ತಪ್ಪಾಗಿ ‘ಫ಼’ ಎಂಬ ಹೆಸರು ಬಿದ್ದಿತು. ಒಮ್ಮೆ ಸೇರಿದ ಹೆಸರನ್ನು ಅಲ್ಲಿ ಬದಲಿಸುವಂತಿಲ್ಲವಾದುದರಿಂದ ತಿದ್ದುಪಡಿಯು ಉಪನಾಮವಾಗಿ ಮಾತ್ರ ಉಳಿದಿದೆ. ಇತಿಹಾಸಕಾರನಿಗೆ ಇದರಲ್ಲಿ ಪಾಠವಿದೆ. ಅರ್ಥವನ್ನು ಬದಲಿಸುವುದೂ ಪ್ರಮಾಣವಾಗತಕ್ಕುದೂ ಪಠ್ಯದಲ್ಲಿರಬೇಕು. ಅಂದವನ್ನು ಮಾತ್ರ ಬದಲಿಸುವುದು ಆದೇಶದಲ್ಲಿರಬೇಕು. ಆ ಆದೇಶವು ತನ್ನ ಉದ್ದೇಶವನ್ನು ತಾನೇ ಹೇಳುವಂತಿರಬೇಕು. ಈ ವಿವೇಕವನ್ನು ಪಾಲಿಸಿದರೆ ನಮ್ಮ ಪಠ್ಯಗಳು ಇಂದಿನ ಫಾಂಟುಗಳು ಮರೆಯಾದ ಮೇಲೂ ಓದಲು ಯೋಗ್ಯವಾಗಿ ಉಳಿಯುವುವು.