ಕ್ರೈಸ್ತ ಪಠ್ಯಗಳಲ್ಲಿ ಸಾಂತ್ವನದ ಭಾಷೆ

ಶೋಕದಲ್ಲಿರುವ ಆಪ್ತರನ್ನು ಸಂತೈಸುವ ಮಾತು ಸಾಹಿತ್ಯವಿಮರ್ಶೆಯ ಗಮನಕ್ಕೆ ಬರುವುದು ವಿರಳ. ಅದನ್ನು ಧರ್ಮಬೋಧೆಗೆ ಸೇರಿದ್ದೆಂದು ಬದಿಗಿಡುವುದೇ ವಾಡಿಕೆ. ಆದರೆ ಕ್ರೈಸ್ತ ಪರಂಪರೆಯ ಕೆಲವು ಮುಖ್ಯ ಪಠ್ಯಗಳು ಸಾಂತ್ವನವನ್ನು ಬೋಧಿಸುವುದರ ಜೊತೆಗೆ, ಅದು ಎಲ್ಲಿ ಕೆಡುತ್ತದೆ ಎಂಬುದನ್ನೂ ಪರೀಕ್ಷಿಸುತ್ತವೆ. 'ಎಲ್ಲವೂ ದೇವರ ಚಿತ್ತ' ಎಂಬ ಸಿದ್ಧವಾಕ್ಯವೇ ಕ್ರೈಸ್ತ ಸಾಂತ್ವನದ ಸಾರವೆಂಬ ಗ್ರಹಿಕೆಯನ್ನು ಈ ಪಠ್ಯಗಳ ಬೆಳಕಿನಲ್ಲಿ ನಾವು ಮರುಪರಿಶೀಲಿಸಬೇಕಾಗಿದೆ.

ಯೆಹೂದ್ಯರಿಂದ ಕ್ರೈಸ್ತರಿಗೆ ಬಂದ ಯೋಬನ ಗ್ರಂಥವನ್ನು ಮೊದಲು ನೋಡೋಣ. ಮಕ್ಕಳನ್ನೂ ಸಂಪತ್ತನ್ನೂ ಕಳೆದುಕೊಂಡ ಯೋಬನು ಮೊದಲನೆಯ ಅಧ್ಯಾಯದಲ್ಲಿ ತಾನಾಗಿಯೇ ದೈವಚಿತ್ತಕ್ಕೆ ತಲೆಬಾಗುತ್ತಾನೆ. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತಿರುತ್ತಾರೆ. ಅವರ ಸಾಂತ್ವನ ಸಾರ್ಥಕವಾದದ್ದು ಅಷ್ಟರವರೆಗೆ ಮಾತ್ರ. ಬಾಯಿ ತೆರೆದೊಡನೆ ಅವರು ದೇವರ ನ್ಯಾಯವನ್ನು ಸಮರ್ಥಿಸಲು ಗೆಳೆಯನ ಮೇಲೆಯೇ ತಪ್ಪು ಹೊರಿಸುತ್ತಾರೆ. ನೊಂದವನ ಬಾಯಲ್ಲಿ ಶರಣಾಗತಿಯಾಗಿದ್ದ ಮಾತು ಸಂತೈಸುವವರ ಬಾಯಲ್ಲಿ ತೀರ್ಪಾಗುತ್ತದೆ. 42ನೆಯ ಅಧ್ಯಾಯದಲ್ಲಿ ದೇವರು ಆಕ್ಷೇಪಿಸುವುದು ತನ್ನ ಪರವಾಗಿ ವಾದಿಸಿದ ಈ ಗೆಳೆಯರನ್ನೇ ಎಂಬುದು ಗಮನಾರ್ಹ.

ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯದ ರಚನೆ ಇನ್ನಷ್ಟು ಸೂಕ್ಷ್ಮವಾದುದು. ಲಾಜರನು ಸತ್ತು ನಾಲ್ಕು ದಿನಗಳಾಗಿವೆ. ಯೇಸು ಇಲ್ಲಿದ್ದಿದ್ದರೆ ತಮ್ಮ ಸಹೋದರ ಸಾಯುತ್ತಿರಲಿಲ್ಲವೆಂದು ಮಾರ್ಥಳೂ ಮರಿಯಳೂ ಬೇರೆಬೇರೆಯಾಗಿ ಹೆಚ್ಚುಕಡಿಮೆ ಒಂದೇ ಮಾತನ್ನಾಡುತ್ತಾರೆ. ಮಾತು ಒಂದೇ ಆದರೂ ದೊರೆಯುವ ಉತ್ತರಗಳು ಎರಡು. ನಂಬಿಕೆಯ ಮಾತನ್ನೂ ಜೊತೆಗೆ ಸೇರಿಸಿದ ಮಾರ್ಥಳೊಡನೆ ಯೇಸು ಪುನರುತ್ಥಾನದ ವಿಚಾರವಾಗಿ ಸಂವಾದ ನಡೆಸುತ್ತಾನೆ. ಕಾಲಿಗೆ ಬಿದ್ದು ಅಳುವ ಮರಿಯಳಿಗೆ ಯಾವ ತತ್ತ್ವವನ್ನೂ ಹೇಳದೆ ತಾನೂ ಅಳುತ್ತಾನೆ. ಲಾಜರನನ್ನು ಎಬ್ಬಿಸುವೆನೆಂದು ಬಲ್ಲವನೇ ಅತ್ತನೆಂಬುದರಲ್ಲಿ ಈ ಪ್ರಸಂಗದ ಧ್ವನಿಯಿದೆ. ಭರವಸೆಯಿದ್ದ ಮಾತ್ರಕ್ಕೆ ಅಳು ಅನಗತ್ಯವಾಗುವುದಿಲ್ಲ. ಪೌಲನು ಥೆಸಲೋನಿಕದವರಿಗೆ ಬರೆದ ಪತ್ರದಲ್ಲಿಯೂ ನಿಷೇಧಿಸುವುದು ಭರವಸೆಯಿಲ್ಲದ ದುಃಖವನ್ನೇ ಹೊರತು ದುಃಖವನ್ನಲ್ಲ.

ಆಧುನಿಕ ಬರಹಗಾರರಲ್ಲಿ ಸಿ. ಎಸ್. ಲೂಯಿಸ್ ಈ ಸಮಸ್ಯೆಗೆ ಎರಡು ಕಡೆಗಳಿಂದ ಮುಖಾಮುಖಿಯಾದವನು. 1940ರ 'ದಿ ಪ್ರಾಬ್ಲಮ್ ಆಫ್ ಪೇನ್' ಕೃತಿಯಲ್ಲಿ ನೋವಿಗೆ ತಾರ್ಕಿಕ ಸಮಾಧಾನವನ್ನು ಹುಡುಕಿದ ಅವನು, 1960ರಲ್ಲಿ ಪತ್ನಿ ಜಾಯ್ ತೀರಿಕೊಂಡ ಮೇಲೆ ಬರೆದ ಟಿಪ್ಪಣಿಗಳನ್ನು 1961ರಲ್ಲಿ 'ಎ ಗ್ರೀಫ್ ಅಬ್ಸರ್ವ್ಡ್' ಎಂಬ ಹೆಸರಿನಲ್ಲಿ, ಅದೂ ಗುಪ್ತನಾಮದಲ್ಲಿ ಪ್ರಕಟಿಸಿದನು. ಇಲ್ಲಿ ಅವನು ಸಂತೈಸುವವನ ಸ್ಥಾನದಿಂದ ನೊಂದವನ ಸ್ಥಾನಕ್ಕೆ ಬಂದಿದ್ದಾನೆ. ಮೊದಲಿನ ಕೃತಿಯ ವಾದಗಳು ಸುಳ್ಳಾದವೆಂದು ಹೇಳಲಾಗದು. ಅವು ಆ ಹೊತ್ತಿನಲ್ಲಿ ಕೈಗೆ ಸಿಗಲಿಲ್ಲ ಎಂಬುದೇ ಎರಡನೆಯ ಕೃತಿಯ ಅನುಭವಸತ್ಯ. ಅದರ ಕೊನೆಯ ಭಾಗದಲ್ಲಿ ಸಮಾಧಾನದ ಕಡೆಗೆ ಹೊರಳುವ ತವಕ ಕಾಣುತ್ತದೆಯಾದರೂ, ಆರಂಭದ ಪ್ರತಿಭಟನೆಯನ್ನು ತಿದ್ದಿ ಅಳಿಸದೆ ಉಳಿಸಿಕೊಂಡಿರುವುದು ಕೃತಿಯ ಪ್ರಾಮಾಣಿಕತೆಗೆ ಸಾಕ್ಷಿ.

ಪವಿತ್ರಾತ್ಮನನ್ನು ಕುರಿತು ಯೋಹಾನನು ಬಳಸುವ 'ಪರಾಕ್ಲೇಟೋಸ್' ಎಂಬ ಗ್ರೀಕ್ ಪದಕ್ಕೆ ಪಕ್ಕಕ್ಕೆ ಕರೆಯಲ್ಪಟ್ಟವನು ಎಂಬುದು ಮೂಲಾರ್ಥ. 1611ರ ಇಂಗ್ಲಿಷ್ ಬೈಬಲ್ ಅದನ್ನು ಸಂತೈಸುವವನೆಂದು ಅನುವಾದಿಸಿದರೆ, ಕನ್ನಡದ ಬೈಬಲ್ 'ಸಹಾಯಕ' ಎಂದಿದೆ. ಕನ್ನಡದ ಪದದಲ್ಲಿ ಕರುಣೆಯ ಆರ್ದ್ರತೆ ಕಡಿಮೆಯೆನಿಸಬಹುದು. ಆದರೆ ಸಾಂತ್ವನವು ಬರಿಯ ಮಾತಲ್ಲವೆಂಬ ಅರಿವನ್ನು ಅದು ಕಾಪಾಡಿಕೊಂಡಿದೆ. ಯೋಬನ ಗ್ರಂಥದ ಕೊನೆಯಲ್ಲಿ, ತಡವಾಗಿಯಾದರೂ, ಬಂಧುಗಳು ಬಂದು ಅವನ ಮನೆಯಲ್ಲಿ ಅವನೊಡನೆ ಉಂಡು, ಒಂದಿಷ್ಟು ಹಣವನ್ನೂ ಚಿನ್ನದ ಉಂಗುರವನ್ನೂ ಕೊಟ್ಟು ಸಂತೈಸುತ್ತಾರೆ. ಅವರು ಏನು ಹೇಳಿದರೆಂಬುದನ್ನು ಗ್ರಂಥ ದಾಖಲಿಸುವುದಿಲ್ಲ. ಗೆಳೆಯರ ಸುದೀರ್ಘ ಭಾಷಣಗಳನ್ನೆಲ್ಲ ಬರೆದಿಟ್ಟ ಗ್ರಂಥವೇ ಇಲ್ಲಿ ಮೌನ ತಾಳಿರುವುದನ್ನು ನಾವು ಅರ್ಥಪೂರ್ಣವೆಂದು ಭಾವಿಸುತ್ತೇವೆ.