ಬಿಸಿಯೂಟ ಬೇಯಿಸುವವರ ಕೂಲಿ

ಶಾಲಾ ಮಕ್ಕಳಿಗೆ ಬಿಸಿಯೂಟ ಕೊಡುವ ಅಕ್ಷರ ದಾಸೋಹ ಯೋಜನೆ 2002ರಲ್ಲಿ ಮೊದಲು ಶುರುವಾದದ್ದು ಬೀದರ್ ಸೇರಿದಂತೆ ಉತ್ತರದ ಏಳು ಜಿಲ್ಲೆಗಳಲ್ಲಿ. ಶಾಲೆಯ ತಟ್ಟೆಗೆ ಮೊಟ್ಟೆ ಬಂದದ್ದೂ 2021ರ ಡಿಸೆಂಬರಿನಲ್ಲಿ ಮೊದಲು ಈ ಭಾಗಕ್ಕೇ. ಮಕ್ಕಳ ಹಸಿವಿನ ಮಟ್ಟಿಗೆ ಯೋಜನೆಯನ್ನು ಮೆಚ್ಚದೆ ಇರಲಾಗದು. ಆದರೆ ಬೀದರ್ ನಗರದ ಉರ್ದು ಶಾಲೆಯಿಂದ ಹಿಡಿದು ಔರಾದ್ ಗಡಿಯ ಮರಾಠಿ ಶಾಲೆಯವರೆಗೆ ಆ ಅನ್ನ ಬೇಯಿಸುವವರು ಹೆಚ್ಚುಕಡಿಮೆ ಎಲ್ಲರೂ ಹೆಂಗಸರು. ಅವರ ಕಡೆಯಿಂದ ನೋಡಿದರೆ ಯೋಜನೆಯ ಗುಣ ಬೇರೆಯಾಗಿ ಕಾಣುತ್ತದೆ. ಅವರು ಸರ್ಕಾರದ ಆದೇಶದಂತೆ, ಸರ್ಕಾರ ಹೇಳಿದ ಹೊತ್ತಿಗೆ ಬಂದು ದುಡಿಯುತ್ತಾರೆ. ಸರ್ಕಾರ ಮಾತ್ರ ಅವರನ್ನು ಕೆಲಸಗಾರರೆಂದು ಒಪ್ಪದೆ ಗೌರವಧನ ಕೊಟ್ಟು ಕೈತೊಳೆದುಕೊಳ್ಳುತ್ತದೆ.

ಕೇಂದ್ರ ಸರ್ಕಾರ 2009ರಲ್ಲಿ ಒಪ್ಪಿಕೊಂಡ ದರ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ 10 ತಿಂಗಳು ಮಾತ್ರ. ಈಗ ಅದರಲ್ಲಿ ದೆಹಲಿಯ ಪಾಲು 600 ರೂಪಾಯಿ. ಅಂದಿನಿಂದ ಎಣ್ಣೆ, ಬೇಳೆಗಳ ಬೆಲೆ ಎಲ್ಲಿಗೆ ಹೋಯಿತೆಂದು ಬಿಡಿಸಿ ಹೇಳಬೇಕಿಲ್ಲ. ಈ ದರ ಮಾತ್ರ ಜಗ್ಗಿಲ್ಲ. ರಾಜ್ಯ ತನ್ನ ಕೈಯಿಂದ ಸೇರಿಸುತ್ತ ಬಂದು, 2025–26ರ ಬಜೆಟ್ಟಿನ 1,000 ರೂಪಾಯಿ ಹೆಚ್ಚಳವೂ ಕೂಡಿ ಮುಖ್ಯ ಅಡುಗೆಯವರಿಗೆ 4,700, ಉಳಿದವರಿಗೆ 4,600 ರೂಪಾಯಿ ಆಗುತ್ತದೆ. ತಿಂಗಳಿಗೆ 24 ದಿನ ಶಾಲೆ ನಡೆದರೆ ದಿನಕ್ಕೆ 200 ರೂಪಾಯಿಯೂ ಬೀಳುವುದಿಲ್ಲ. ಅದೇ ವರ್ಷ ಉದ್ಯೋಗ ಖಾತ್ರಿಯಲ್ಲಿ ಮಣ್ಣು ಹೊರುವವರಿಗೆ, ಗಂಡಾಗಲಿ ಹೆಣ್ಣಾಗಲಿ, 370 ರೂಪಾಯಿ ಇತ್ತು.

ಇದು ಸಮಾನ ವೇತನದ ಪ್ರಶ್ನೆಯೇ ಅಲ್ಲ, ಗಂಡಸರಿಗೆ ಹೆಚ್ಚು ಕೊಟ್ಟು ಹೆಂಗಸರಿಗೆ ಕಡಿಮೆ ಕೊಟ್ಟಿಲ್ಲವಲ್ಲ ಎನ್ನುವವರಿದ್ದಾರೆ. ತೊಡಕು ಇರುವುದೇ ಅಲ್ಲಿ. 1976ರ ಸಮಾನ ವೇತನ ಕಾಯ್ದೆಯೂ ಅದರ ಜಾಗಕ್ಕೆ ಬಂದ ವೇತನ ಸಂಹಿತೆಯೂ ಒಂದೇ ಬಗೆಯ ಕೆಲಸದಲ್ಲಿ ಗಂಡಸನ್ನೂ ಹೆಂಗಸನ್ನೂ ಅಕ್ಕಪಕ್ಕ ನಿಲ್ಲಿಸಿ ಅಳೆಯುತ್ತವೆ. ಹೆಂಗಸರೇ ತುಂಬಿದ ಕೆಲಸದಲ್ಲಿ ಅಳೆಯಲು ಗಂಡಸೇ ಸಿಗುವುದಿಲ್ಲ. ಹಾಗಾಗಿ ಹೋಲಿಕೆಯನ್ನು ಶಾಲೆಯ ಅಂಗಳದಿಂದ ಆಚೆಗೆ ಒಯ್ಯಬೇಕು. ಭಾಲ್ಕಿ, ಔರಾದ್‌ಗಳ ಸರ್ಕಾರಿ ವಿದ್ಯಾರ್ಥಿನಿಲಯಗಳಲ್ಲೂ ಮಕ್ಕಳಿಗೇ ಅಡುಗೆ ಆಗುತ್ತದೆ. ಅಲ್ಲಿ ಅಡುಗೆಯವರದು ವೇತನಶ್ರೇಣಿ ಇರುವ ಹುದ್ದೆ. ಹೊರಗುತ್ತಿಗೆಯಲ್ಲಿ ಬಂದವರಿಗೂ (ಅವರ ಪಾಡೂ ಹಸನಾಗೇನಿಲ್ಲ) ಕನಿಷ್ಠ ವೇತನದ ಲೆಕ್ಕ ಹಿಡಿಯಲಾಗುತ್ತದೆ. ಅಲ್ಲಿ ಮೂರು ಹೊತ್ತಿನ ಅಡುಗೆ, ಶಾಲೆಯಲ್ಲಿ ಒಂದೇ ಹೊತ್ತು ಎಂಬ ಆಕ್ಷೇಪ ನ್ಯಾಯವಾದದ್ದೇ. ಹಾಗಾದರೆ ಗಂಟೆಯ ಲೆಕ್ಕದಲ್ಲಾದರೂ ಕೊಡಲಿ. ಬೆಳಿಗ್ಗೆ ಹಾಲು ಕಾಯಿಸುವುದು, ಕಾಳು ಹಸನು ಮಾಡುವುದು, ಮೊಟ್ಟೆ ಸುಲಿಯುವುದು, ಬಡಿಸುವುದು, ಪಾತ್ರೆ ತೊಳೆದು ಕೋಣೆ ಒರೆಸುವುದು ಎಲ್ಲವನ್ನೂ ಎಣಿಸಿದರೆ ಇದು ಎರಡು ಗಂಟೆಯ ಬಿಡುವಿನ ಕೆಲಸವಾಗಿ ಉಳಿಯದು. ಆ ಹೊತ್ತಿನಲ್ಲಿ ತೊಗರಿ ರಾಶಿಗೋ ಕಳೆ ತೆಗೆಯಲೋ ಹೋಗುವ ದಾರಿಯೂ ಮುಚ್ಚುತ್ತದೆ. ಉತ್ತರ ಪ್ರದೇಶದ ಬಿಸಿಯೂಟದ ಅಡುಗೆಯವರೊಬ್ಬರ ಪ್ರಕರಣದಲ್ಲಿ ಅಲಹಾಬಾದ್ ಹೈಕೋರ್ಟು 2020ರಲ್ಲಿ, ತಿಂಗಳಿಗೆ 1,000 ರೂಪಾಯಿಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದೇ ಹೇಳಿತು.

ಕೆಲಸದ ಭದ್ರತೆಯ ಮಾತು ಬಂದಾಗ ಅಧಿಕಾರಿಗಳು ಮುಂದೆ ಹಿಡಿಯುವುದು ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ ಕೊಟ್ಟ ಉಮಾದೇವಿ ತೀರ್ಪನ್ನು: ಹಿಂಬಾಗಿಲಿನಿಂದ ಬಂದವರನ್ನು ಕಾಯಂ ಮಾಡಲಾಗದು. ಅಂಗನವಾಡಿಯವರದು ನಾಗರಿಕ ಹುದ್ದೆಯಲ್ಲ ಎಂದ ಅದೇ ವರ್ಷದ ಅಮೀರ್‌ಬಿ ತೀರ್ಪೂ ಇದೆ. ಆದರೆ ಅದೇ ಸುಪ್ರೀಂ ಕೋರ್ಟು 2022ರಲ್ಲಿ ಅಂಗನವಾಡಿಯವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದಿತು. 2024ರ ಡಿಸೆಂಬರಿನಲ್ಲಿ, ಹೆಚ್ಚಾಗಿ ಕಸ ಗುಡಿಸುವ ಹೆಂಗಸರೇ ಇದ್ದ ಜಗ್ಗೋ ಪ್ರಕರಣದಲ್ಲಿ, ವರ್ಷಗಟ್ಟಲೆ ದುಡಿಸಿಕೊಂಡವರ ವಿರುದ್ಧ ಉಮಾದೇವಿ ತೀರ್ಪನ್ನು ಗುರಾಣಿ ಮಾಡಿಕೊಳ್ಳಬಾರದೆಂದಿತು. ಸರ್ಕಾರದ ಆದೇಶದಂತೆಯೇ ಆಯ್ಕೆಯಾಗಿ ಬಂದ ಬಿಸಿಯೂಟದವರನ್ನು ಹಿಂಬಾಗಿಲಿನವರು ಎನ್ನುವುದೂ ಕಷ್ಟ. ಇನ್ನು ಖರ್ಚು. ಲಕ್ಷಕ್ಕೂ ಮಿಕ್ಕಿದ ಅಡುಗೆಯವರಿಗೆ 1,000 ರೂಪಾಯಿ ಏರಿಸಲು ರಾಜ್ಯಕ್ಕೆ ವರ್ಷಕ್ಕೆ ನೂರು ಕೋಟಿಗಿಂತ ತುಸು ಹೆಚ್ಚು ಬೇಕು. ಅದು ಸಣ್ಣ ಮೊತ್ತವಲ್ಲ. ಆದರೆ ಪೂರ್ತಿ ಹೊರೆ ಬೆಂಗಳೂರಿನ ಮೇಲೆ ಬಿದ್ದಿರುವುದು ದೆಹಲಿ ತನ್ನ 600 ರೂಪಾಯಿಗೆ ಅಂಟಿಕೊಂಡು ಕೂತಿರುವುದರಿಂದ.

ಕೂಲಿ ಏರುವುದಕ್ಕಿಂತ ಮೊದಲು ಜಿಲ್ಲೆಯಿಂದಲೇ ಶುರುವಾಗಬಹುದಾದ ಕೆಲಸವೊಂದಿದೆ. 25 ಮಕ್ಕಳವರೆಗೆ ಒಬ್ಬರು, 100ರವರೆಗೆ ಇಬ್ಬರು, ಆಮೇಲೆ ನೂರಕ್ಕೊಬ್ಬರು ಎಂಬ ಮಾನದಂಡದಲ್ಲಿ ಅಡುಗೆಯವರ ಹೊಟ್ಟೆಪಾಡು ಹಾಜರಿ ಪುಸ್ತಕಕ್ಕೆ ಜೋತುಬಿದ್ದಿದೆ. ಔರಾದ್‌ನ ತಾಂಡಾಗಳಂಥ ಕಡೆ ಒಂದೆರಡು ಕುಟುಂಬ ಮಕ್ಕಳ ಸಮೇತ ಹೈದರಾಬಾದಿಗೆ ಗುಳೆ ಹೋದರೂ ಸಾಕು, 26 ಇದ್ದದ್ದು 24 ಆಗಿ ಒಬ್ಬರ ಕೆಲಸ ಹೋಗುತ್ತದೆ. ಗುಳೆ ಹೋದವರು ಮರಳಿದಾಗ ಮಕ್ಕಳ ಹೆಸರು ಮತ್ತೆ ಪುಸ್ತಕಕ್ಕೆ ಏರುತ್ತದೆ, ಅಡುಗೆಯವರ ಹೆಸರು ಏರುತ್ತದೆಂಬ ಖಾತ್ರಿಯಿಲ್ಲ. ಎಣಿಕೆಯನ್ನು ಒಂದು ವರ್ಷದ್ದಕ್ಕೆ ಬದಲು ಮೂರು ವರ್ಷದ ಸರಾಸರಿಯಿಂದ ಹಿಡಿಯಬಹುದು. ಕೈಬಿಡುವ ಮುನ್ನ ಅದೇ ಗ್ರಾಮ ಪಂಚಾಯಿತಿಯ ಇನ್ನೊಂದು ಶಾಲೆಯಲ್ಲಿ ಖಾಲಿ ಇರುವ ಜಾಗ ಕೊಡಬಹುದು. ಇದಕ್ಕೆ ದೊಡ್ಡ ಹಣ ಬೇಕಿಲ್ಲ, ಜಿಲ್ಲಾ ಪಂಚಾಯಿತಿ ಪಟ್ಟು ಹಿಡಿದು ರಾಜ್ಯದಿಂದ ಒಂದು ಆದೇಶ ತರಿಸಿದರೆ ಆದೀತು.