ನೀತಿಸಂಶೋಧನೆಯ ಪ್ರಕಟಣೆಗಳಲ್ಲಿ ಅಧಿಕಾರಿವಿಚಾರ

ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಶಾಸ್ತ್ರಗ್ರಂಥದ ಆದಿಯಲ್ಲಿಯೇ ನಿರೂಪಿಸತಕ್ಕದ್ದೆಂಬುದು ಪ್ರಾಚೀನರ ಸಂಪ್ರದಾಯವು. ಇಲ್ಲಿ ಅಧಿಕಾರಿಯೆಂದರೆ ಹುದ್ದೆಯುಳ್ಳವನಲ್ಲ. ಗ್ರಂಥವನ್ನು ಓದಿ ಅದರ ಫಲವನ್ನು ಪಡೆಯಲು ಅರ್ಹನಾದವನು. ಸಾರ್ವಜನಿಕ ನೀತಿಯನ್ನು ಕುರಿತ ಇಂದಿನ ಸಂಶೋಧನಾ ಪ್ರಕಟಣೆಗಳನ್ನು ಈ ನಿಕಷಕ್ಕೆ ಒಡ್ಡಿದರೆ, ಉಳಿದ ಮೂರು ಅನುಬಂಧಗಳು ಸ್ಫುಟವಾಗಿದ್ದು, ಅಧಿಕಾರಿಯ ಸ್ಥಾನದಲ್ಲಿ ಮಾತ್ರ ಬೇರೊಬ್ಬನು ಕುಳಿತಿರುವುದು ಕಾಣುತ್ತದೆ.

ಕರ್ನಾಟಕದಲ್ಲಿ ಇದಕ್ಕೆ ಮುಖ್ಯವಾದ ನಿದರ್ಶನವು 2002ರಲ್ಲಿ ಸಲ್ಲಿಕೆಯಾದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯ ವರದಿ. ಪ್ರಾದೇಶಿಕ ಅಸಮತೋಲನವನ್ನು ಅಳೆಯಲು ಸಮಿತಿಯು 35 ಸೂಚಕಗಳನ್ನು ಹಿಡಿದು ಅಂದಿನ 175 ತಾಲ್ಲೂಕುಗಳನ್ನು ಪರೀಕ್ಷಿಸಿತು. 114 ತಾಲ್ಲೂಕುಗಳು ಹಿಂದುಳಿದುವೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದುವೆಂದೂ ನಿರ್ಣಯಿಸಿತು. ಬೀದರ ಜಿಲ್ಲೆಯ ಔರಾದ ಈ ಕೊನೆಯ ವರ್ಗಕ್ಕೆ ಸೇರಿತು. ವರದಿಯ ಪರಿಶ್ರಮವೂ ವ್ಯವಸ್ಥೆಯೂ ಪ್ರಶಂಸನೀಯವೇ ಸರಿ. ಆದರೆ ತಾಲ್ಲೂಕಿನ ಸೂಚ್ಯಂಕವು ಸರಾಸರಿಯಾದುದರಿಂದ, ಬೀದರ ನಗರದ ಬಳಿ ಕೈಗಾರಿಕಾ ಪ್ರದೇಶವುಳ್ಳ ಕೊಳಾರವೂ ಅದೇ ತಾಲ್ಲೂಕಿನ ದೂರದ ಹಳ್ಳಿಯೂ ಒಂದೇ ಅಂಕೆಯಲ್ಲಿ ಲೀನವಾಗುತ್ತವೆ. ಕಾರ್ಖಾನೆಯ ಸಾಮೀಪ್ಯವು ನಿವಾಸಿಗಳ ಯೋಗಕ್ಷೇಮಕ್ಕೆ ಸಮವೇ ಎಂಬ ಪ್ರಶ್ನೆಯನ್ನು ಕೊಳಾರದವನು ಕೇಳಬಲ್ಲನು. ಹಾಗೆ ಕೇಳಬೇಕಾದರೆ ಗ್ರಂಥವು ಅವನ ಕೈಗೂ ಬುದ್ಧಿಗೂ ನಿಲುಕಬೇಕಷ್ಟೆ.

ಪ್ರಕಟಣೆಯ ಪ್ರವಾಹವಾದರೋ ಬೇರೆ ದಿಕ್ಕಿಗೆ ಹರಿದಿದೆ. 1966ರಿಂದ ಮುಂಬಯಿಯಲ್ಲಿ ಹೊರಡುತ್ತಿರುವ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯೂ, 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಸಂಸ್ಥೆಯೂ ಈ ವಿದ್ಯೆಗೆ ಮಾಡಿರುವ ಉಪಕಾರವು ದೊಡ್ಡದು, ಆದರೆ ಆ ಬರೆವಣಿಗೆ ಪ್ರಧಾನವಾಗಿ ಇಂಗ್ಲಿಷಿನದು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2010ರ ನಿಯಮಗಳು ಅಧ್ಯಾಪಕರ ಬಡ್ತಿಗೆ ಪ್ರಕಟಣೆಗಳ ಅಂಕಗಳನ್ನೂ ಗಣನೆಗೆ ತಂದ ಬಳಿಕ, ಲೇಖಕನ ದೃಷ್ಟಿ ಪರಿಶೀಲಕನತ್ತ ಇನ್ನಷ್ಟು ತಿರುಗಿದುದು ಸಹಜವೇ. ಹೀಗೆ ಔರಾದ ಭಾಲ್ಕಿಗಳ ರೈತನು ವಿಷಯವಾಗಿ ಉಳಿದನೇ ಹೊರತು ಅಧಿಕಾರಿಯಾಗಲಿಲ್ಲ.

ಅನ್ಯರಾಜ್ಯಗಳೊಡನೆ ತುಲನೆ ನಡೆಯಬೇಕಾದರೆ ಇಂಗ್ಲಿಷು ಅಗತ್ಯವೆಂದೂ, ಅಂಕೆಗಳ ಶಾಸ್ತ್ರಕ್ಕೆ ಕನ್ನಡದ ಪರಿಭಾಷೆ ಸಾಲದೆಂದೂ ಪೂರ್ವಪಕ್ಷವುಂಟು. ಮೊದಲನೆಯದು ಒಪ್ಪತಕ್ಕದ್ದು, ಆದರೆ ಅದರಿಂದ ಕನ್ನಡದ ನಿಷೇಧವು ಸಿದ್ಧಿಸದು. ಎರಡನೆಯದಕ್ಕೆ ಹನ್ನೆರಡನೆಯ ಶತಮಾನದ ರಾಜಾದಿತ್ಯನೇ ಉತ್ತರ. ಸಂಸ್ಕೃತದಲ್ಲಿ ಗಣಿತಗ್ರಂಥಗಳು ಸಮೃದ್ಧವಾಗಿದ್ದಾಗಲೂ ಅವನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ರಚಿಸಿದನು. ಪರಿಭಾಷೆಯು ಪ್ರಯೋಗದಿಂದ ಬೆಳೆಯುವುದೇ ಹೊರತು ನಿರೀಕ್ಷೆಯಿಂದಲ್ಲ.

ಸಂವಿಧಾನದ 98ನೆಯ ತಿದ್ದುಪಡಿಯಿಂದ ಸೇರಿದ 371(ಜೆ) ವಿಧಿಯು, ಹೈದರಾಬಾದ ಕರ್ನಾಟಕದ ಅಭಿವೃದ್ಧಿ ಮಂಡಳಿಯ ಕಾರ್ಯವರದಿಯನ್ನು ಪ್ರತಿವರ್ಷವೂ ವಿಧಾನಸಭೆಯ ಮುಂದಿಡುವ ಏರ್ಪಾಡನ್ನು ಹೇಳುತ್ತದೆ. 2019ರಲ್ಲಿ ಆ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವೆಂದಾಯಿತು. ವರದಿಯನ್ನು ಸಭೆಗೆ ಒಪ್ಪಿಸುವುದರಲ್ಲಿಯೇ ಪ್ರಕಟಣೆಯ ಧರ್ಮವು ಮುಗಿಯದು. ಅಳತೆಯ ಕ್ರಮವನ್ನೂ ತಾಲ್ಲೂಕುವಾರು ಅಂಕೆಗಳನ್ನೂ ತಿಳಿಗನ್ನಡದಲ್ಲಿ ಅಚ್ಚುಮಾಡಿ ಊರಿನ ಗ್ರಂಥಾಲಯಗಳಲ್ಲಿರಿಸಬೇಕು. ಓದಿದವರ ಆಕ್ಷೇಪಗಳಿಗೆ ಮುಂದಿನ ಆವೃತ್ತಿಯಲ್ಲಿ ಸಮಾಧಾನ ಹೇಳಬೇಕು. ಪೂರ್ವಪಕ್ಷಕ್ಕೆ ಅವಕಾಶವಿಲ್ಲದ ಸಿದ್ಧಾಂತವು, ಎಷ್ಟೇ ಅಂಕೆಗಳಿಂದ ಕೂಡಿದ್ದರೂ, ಪರೀಕ್ಷೆಗೊಳಗಾಗದ ಮಾತಾಗಿಯೇ ನಿಲ್ಲುತ್ತದೆ.